ಕಂಡದ್ದು, ಕೇಳದೆ ಹೋದದ್ದು

ಅವರೆಕಾಯಿ ಕಾಲ ಬಂತೆಂದರೆ ನಮ್ಮ ಮನೆಯ ಸಂಜೆಗಳೆಲ್ಲ ಒಂದೇ ಥರ. ನಡುಮನೆಯಲ್ಲಿ ಮೊರ, ಮೊರದ ತುಂಬ ಕಾಯಿ, ಎದುರಿಗೆ ಟೀವಿ. ಹಿತಕಿದಬೇಳೆ ಸಾರು ಉಣ್ಣುವವರು ನಾಲ್ಕು ಜನ, ಹಿಸುಕುವವಳು ನಾನೊಬ್ಬಳೇ. ಕೈಗೆ ಕೆಲಸವಿದ್ದರೂ ಕಣ್ಣಿಗೆ ಕೆಲಸವಿರುವುದಿಲ್ಲವಾದ್ದರಿಂದ ಟೀವಿಯಲ್ಲಿ ಬಂದದ್ದನ್ನೆಲ್ಲ ನೋಡುವುದು ನನ್ನ ಪಾಲಿಗೆ ಬಂದಿದೆ.

ಮೊನ್ನೆ ಯಾವುದೋ ಚಿನ್ನದ ಅಂಗಡಿಯ ಕಳ್ಳತನದ ದೃಶ್ಯವನ್ನು ಹಾಕಿದ್ದರು. ಸೀರೆಯುಟ್ಟ ಹೆಂಗಸೊಬ್ಬಳು ಬಳೆ ನೋಡುತ್ತಾಳೆ, ಸೆರಗು ಸರಿಮಾಡಿಕೊಳ್ಳುತ್ತಾಳೆ, ಎದ್ದು ಹೋಗುತ್ತಾಳೆ. ಅದನ್ನೇ ಹದಿನೈದು ಸಲ ತೋರಿಸಿದರು. ಸೆರಗಿನ ಸುತ್ತ ಕೆಂಪು ವೃತ್ತ ಬೇರೆ. "ಕ್ಯಾಮೆರಾ ಸುಳ್ಳು ಹೇಳಲ್ಲ ವೀಕ್ಷಕರೇ!" ಎಂದು ಕಾರ್ಯಕ್ರಮ ನಡೆಸುವ ಹುಡುಗ ಕೂಗುತ್ತಿದ್ದ. ಪಕ್ಕದಲ್ಲಿ ತಜ್ಞರೆಂದು ಒಬ್ಬರನ್ನು ಕೂರಿಸಿದ್ದರು. ವಯಸ್ಸಾದವರು, ನಿವೃತ್ತ ಅಧಿಕಾರಿಯಂತೆ. ಅವರು ಮೆಲ್ಲಗೆ, "ಈ ದೃಶ್ಯದಲ್ಲಿ ಏನು ಕಾಣುತ್ತದೆ ಅನ್ನೋದು ಬೇರೆ, ಇದರಿಂದ ಏನು ಸಾಬೀತಾಗುತ್ತದೆ ಅನ್ನೋದು ಬೇರೆ" ಎಂದರು. ಅಷ್ಟರಲ್ಲಿ ಸೋಪಿನ ಜಾಹೀರಾತು ಬಂತು. ಮತ್ತೆ ಅವರಿಗೆ ಮಾತಾಡುವ ಸರದಿ ಸಿಗಲೇ ಇಲ್ಲ.

ನಮ್ಮ ಯಜಮಾನರು ಪೇಪರಿನಿಂದ ತಲೆಯೆತ್ತಿ, "ಇನ್ನೇನು ಬೇಕಂತೆ ಸಾಬೀತಿಗೆ? ಕಣ್ಣೆದುರಿಗೇ ಕಾಣ್ತಾ ಇದೆ" ಎಂದರು.

ನಾನು ಏನೂ ಹೇಳಲಿಲ್ಲ. "ಇನ್ನೇನು ಬೇಕು" ಎಂಬ ಅದೇ ಮಾತನ್ನು 2018ರಲ್ಲಿ ನಾನೂ ಆಡಿದ್ದೆ. ನನ್ನ ಮುಂದೆ ಆಗ ನಿಂತಿದ್ದದ್ದು ಒಂಬತ್ತನೇ ತರಗತಿಯ ಹುಡುಗಿ.

ಆ ವಿಷಯವನ್ನು ಇಷ್ಟು ವರ್ಷ ಯಾರಿಗೂ ಪೂರ್ತಿಯಾಗಿ ಹೇಳಿಲ್ಲ. ಹುಡುಗಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಂದು ಸಲ ಅವಳ ಹೆಸರು ಕೆಡಿಸಿದ್ದು ಸಾಕು. ಶಾಲೆಯ ಹೆಸರೂ ಬೇಡ, ತಪ್ಪು ಶಾಲೆಯದಲ್ಲ.

ಹುಣಸೂರಿನ ಸುತ್ತಮುತ್ತಲಿನ ಶಾಲೆಗಳಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತ ನನಗೆ ಮೂವತ್ತು ವರ್ಷದ ಹತ್ತಿರ ಬಂತು. ಎಚ್.ಡಿ. ಕೋಟೆ ಕಡೆಯ ಹಾಡಿಗಳಿಂದ ಬಂದು ಹಾಸ್ಟೆಲಿನಲ್ಲಿದ್ದು ಓದುವ ಮಕ್ಕಳು ನಮ್ಮಲ್ಲಿ ಪ್ರತಿ ವರ್ಷ ಹತ್ತಾರು ಜನ ಇರುತ್ತಾರೆ. ಮಾತು ಕಡಿಮೆ. ಹಿಂದಿನ ಬೆಂಚು. ಮಳೆಗಾಲದಲ್ಲಿ ಒಂದು ವಾರ ಊರಿಗೆ ಹೋದರೆ ಮೂರು ವಾರ ಬರುವುದಿಲ್ಲ. ಈ ಹುಡುಗಿ ಮಾತ್ರ ತಪ್ಪದೆ ಬರುತ್ತಿದ್ದಳು. ಭೂಪಟ ಬರೆಯುವುದೆಂದರೆ ಅವಳಿಗೆ ಪ್ರಾಣ. ಕಬಿನಿ ನದಿಯನ್ನು ನಾನು ಬರೆಯುವುದಕ್ಕಿಂತ ಚೆನ್ನಾಗಿ ಬರೆಯುತ್ತಿದ್ದಳು. ಅವಳದು ಆ ಹಿನ್ನೀರಿನ ಕಡೆಯ ಊರೇ ಅಲ್ಲವೇ?

ಆ ವರ್ಷ ಹಳೆಯ ವಿದ್ಯಾರ್ಥಿಗಳು ಶಾಲೆಗೆ ನಾಲ್ಕು ಕ್ಯಾಮೆರಾ ಕೊಡಿಸಿದ್ದರು. ಗೇಟಿಗೊಂದು, ಮೈದಾನಕ್ಕೊಂದು, ಎರಡು ಪಡಸಾಲೆಗೆ. ಪಡಸಾಲೆಯ ಒಂದು ಕ್ಯಾಮೆರಾಕ್ಕೆ ನಮ್ಮ ಸ್ಟಾಫ್ ರೂಮಿನ ಬಾಗಿಲು ಕಾಣುತ್ತಿತ್ತು. ಒಳಗಿನದು ಕಾಣುತ್ತಿರಲಿಲ್ಲ. ಹೊಸದರಲ್ಲಿ ನಾವು ಹೆಂಗಸರು ಅದರ ಕೆಳಗೆ ಹೋಗುವಾಗ ಸೆರಗು ಸರಿಮಾಡಿಕೊಳ್ಳುತ್ತಿದ್ದೆವು. ಒಂದು ತಿಂಗಳಿಗೆ ಅದೂ ಗೋಡೆಯ ಹಲ್ಲಿಯ ಹಾಗೆ ಅಭ್ಯಾಸವಾಯಿತು.

ತಲಕಾಡು, ಸೋಮನಾಥಪುರಕ್ಕೆ ಪ್ರವಾಸ ಹೊರಡಿಸುವುದೆಂದು ಮಕ್ಕಳಿಂದ ದುಡ್ಡು ಎತ್ತುತ್ತಿದ್ದೆ. ಆರು ಸಾವಿರದ ನಾನ್ನೂರು ರೂಪಾಯಿ. ಹನ್ನೊಂದು ಗಂಟೆಗೆ ಎಣಿಸಿ ಕಂದು ಬಣ್ಣದ ಲಕೋಟೆಗೆ ಹಾಕಿ ಮೇಜಿನ ಮೇಲಿಟ್ಟದ್ದು ನೆನಪಿದೆ. ಮಧ್ಯಾಹ್ನ ಊಟದ ಹೊತ್ತಿಗೆ ನೋಡಿದರೆ ಇಲ್ಲ. ಡ್ರಾಯರ್ ಎಲ್ಲ ಹುಡುಕಿದೆ. ಎದೆ ಹೊಡೆದುಕೊಳ್ಳತೊಡಗಿತು. ಬಡ ಮಕ್ಕಳ ದುಡ್ಡು, ಒಂದೊಂದು ನೋಟೂ ಮುದುಡಿ ಮುದುಡಿ ಬೆವರು ಹತ್ತಿದ್ದು.

ಹೆಡ್ ಮಾಸ್ಟರ ಕೋಣೆಯಲ್ಲಿ ಕ್ಯಾಮೆರಾದ ಪರದೆ ಇತ್ತು. ಹಿಂದಕ್ಕೆ ಓಡಿಸಿ ನೋಡಿದರು. ನಾನು ಪಾಠಕ್ಕೆ ಹೊರಟ ಮೇಲೆ ಸ್ಟಾಫ್ ರೂಮು ಖಾಲಿ. ಹನ್ನೊಂದು ನಲವತ್ತೆರಡಕ್ಕೆ ಆ ಹುಡುಗಿ ಬಂದಳು. ಬಾಗಿಲಲ್ಲಿ ನಿಂತು ಆಚೆ ಈಚೆ ನೋಡಿದಳು. ಒಳಗೆ ಹೋದಳು. ಎರಡು ನಿಮಿಷಕ್ಕೆ ಹೊರಗೆ ಬಂದಾಗ ಎಡಗೈ ದುಪಟ್ಟಾದ ಒಳಗಿತ್ತು. ಏನನ್ನೋ ಒತ್ತಿ ಹಿಡಿದುಕೊಂಡು ಗೋಡೆ ಪಕ್ಕದಲ್ಲೇ ಬೇಗಬೇಗ ನಡೆದು ಹೋದಳು. ಅಲ್ಲಿಂದ ಊಟದ ಗಂಟೆಯವರೆಗೆ ಇನ್ನು ಯಾರೂ ಇಲ್ಲ.

"ಇನ್ನೇನು ಬೇಕು ಸಾರ್?" ಎಂದೆ ನಾನು.

ಹುಡುಗಿಯನ್ನು ಕರೆಸಿದರು. ಕೋಣೆಯಲ್ಲಿ ಹೆಡ್ ಮಾಸ್ಟರು, ಪಿ.ಟಿ. ಮೇಷ್ಟ್ರು, ಗುಮಾಸ್ತರು, ನಾನು. ಅವಳನ್ನು ನಾನು ಕೇಳಿದ ಮೊದಲ ಪ್ರಶ್ನೆ ಈಗಲೂ ಕಿವಿಯಲ್ಲಿದೆ. "ಯಾಕೆ ತೆಗೆದೆ?" ಎಂದು ಕೇಳಿದೆ. ಒಳಗೆ ಯಾಕೆ ಬಂದಿದ್ದೆ ಎಂದು ಕೇಳಲಿಲ್ಲ. ಎರಡಕ್ಕೂ ಎಷ್ಟು ವ್ಯತ್ಯಾಸವಿದೆ ನೋಡಿ. ತೀರ್ಪನ್ನು ಪ್ರಶ್ನೆಯೊಳಗೇ ಇಟ್ಟು ಕೇಳಿದ ಮೇಲೆ ಉತ್ತರಕ್ಕೆ ಜಾಗವೆಲ್ಲಿ? ಅವಳು ತಲೆ ಬಗ್ಗಿಸಿಕೊಂಡು ನಿಂತಳು. ಪರದೆಯಲ್ಲಿ ಅವಳದೇ ಚಿತ್ರವನ್ನು ತೋರಿಸಿದೆವು. ಒಂದೇ ಒಂದು ಸಲ ತಲೆಯೆತ್ತಿ ನನ್ನ ಮುಖ ನೋಡಿದಳು. ನನ್ನನ್ನು ಮಾತ್ರ, ಬೇರೆ ಯಾರನ್ನೂ ಅಲ್ಲ. ಸಿಕ್ಕಿಬಿದ್ದವರ ನೋಟ ಎಂದುಕೊಂಡೆ.

ಗೌರಿ ಹಬ್ಬದ ರಜೆಗೆ ಊರಿಗೆ ಹೋದವಳು ತಿರುಗಿ ಬರಲಿಲ್ಲ.

ಹದಿನೆಂಟು ದಿನದ ಮೇಲೆ, ಒಂದು ಭಾನುವಾರ ಮಧ್ಯಾಹ್ನ, ಮನೆಯಲ್ಲಿ ಎಂಟನೇ ತರಗತಿಯ ಕಿರುಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿದೆ. ನಡುವೆ ಕಂದು ಲಕೋಟೆ. ಗಂಟೆ ಹೊಡೆದ ಅವಸರದಲ್ಲಿ ಮೇಜಿನ ಮೇಲಿದ್ದದ್ದನ್ನೆಲ್ಲ ಬಾಚಿ ಕಟ್ಟಿಕೊಂಡು ಬಂದವಳು ನಾನೇ. ಎಣಿಸಿದೆ. ಆರು ಸಾವಿರದ ನಾನ್ನೂರು. ಒಂದು ರೂಪಾಯಿ ಹೆಚ್ಚಿಲ್ಲ, ಕಡಿಮೆಯಿಲ್ಲ.

ಸೋಮವಾರ ಹೆಡ್ ಮಾಸ್ಟರಿಗೆ ಹೇಳಿದೆ. "ಹೋಗಲಿ ಬಿಡಿ ಮೇಡಂ, ಸಿಕ್ಕಿತಲ್ಲ" ಎಂದರು. ಅಡುಗೆಮನೆಯ ಹತ್ತಿರ ಬಿಸಿಯೂಟ ಮಾಡುವ ಅಡುಗೆಯಾಕೆ ಕೈ ಒರೆಸಿಕೊಳ್ಳುತ್ತ ನನ್ನನ್ನು ತಡೆದಳು. "ಆ ಮಗೀನ ಅವತ್ತು ಸ್ಟಾಫ್ ರೂಮಿಗೆ ಕಳಿಸಿದ್ದೇ ನಾನು ಮೇಡಂ. ಹೊಟ್ಟೆನೋವು ಅಂತ ಅಳ್ತಾ ಬಂತು. ಬೀರು ಮೇಲಿನ ಡಬ್ಬದಲ್ಲಿ ಪ್ಯಾಡ್ ಇರ್ತವೆ, ಯಾರೂ ಇಲ್ದಾಗ ಹೋಗಿ ತಗೋ ಅಂದೆ."

ಶುಚಿ ಯೋಜನೆಯೆಂದು ಸರ್ಕಾರ 2013-14ರಿಂದ ಹೆಣ್ಣುಮಕ್ಕಳಿಗೆ ಕೊಡುತ್ತಿದ್ದ ಪ್ಯಾಡುಗಳು. ಅವನ್ನು ಆ ಡಬ್ಬಕ್ಕೆ ತುಂಬಿಟ್ಟವಳೂ ನಾನೇ. ಬೇಕಾದಾಗ ಸಂಕೋಚಪಡದೆ ತೆಗೆದುಕೊಳ್ಳಿ ಎಂದು ತರಗತಿಯಲ್ಲಿ ಹೇಳಿದವಳೂ ನಾನೇ.

"ಅವತ್ತೇ ಯಾಕೆ ಹೇಳಲಿಲ್ಲ?" ಎಂದು ಅವಳ ಮೇಲೇ ರೇಗಿದೆ.

"ನನ್ನ ಯಾರು ಕರೆದ್ರು ಮೇಡಂ? ನೀವೆಲ್ಲ ಒಳಗೆ ಟೀವಿ ನೋಡ್ತಿದ್ರಿ."

ಆ ಹುಡುಗಿ ಮೂರು ಜನ ಗಂಡಸರ ಮುಂದೆ ಏನೆಂದು ಹೇಳಬೇಕಿತ್ತು? ನನ್ನ ಮುಖ ನೋಡಿದ್ದು, ನೀವಾದರೂ ಹೆಂಗಸಲ್ಲವೇ, ಅರ್ಥಮಾಡಿಕೊಳ್ಳಿ ಎಂದಿರಬೇಕು. ನಾನು ಪರದೆಯನ್ನು ನೋಡುತ್ತಿದ್ದೆ.

ಇಷ್ಟು ಹೇಳಿದ ಮೇಲೆ, ತಪ್ಪು ಕ್ಯಾಮೆರಾದ್ದು, ಹಾಳು ಯಂತ್ರ ಎಂದು ಶಪಿಸಿ ಮುಗಿಸಿಬಿಡಬಹುದು. ನಮ್ಮಲ್ಲಿ ಹಲವರು ಹಾಗೇ ಮಾಡುತ್ತಾರೆ. ಆದರೆ ನ್ಯಾಯವಾಗಿ ನೋಡಿದರೆ ಕ್ಯಾಮೆರಾ ಏನೂ ತಪ್ಪು ಹೇಳಿರಲಿಲ್ಲ. ಹುಡುಗಿ ಒಳಗೆ ಹೋದದ್ದು ನಿಜ, ಎರಡು ನಿಮಿಷ ಇದ್ದದ್ದು ನಿಜ, ಏನನ್ನೋ ಮುಚ್ಚಿಟ್ಟುಕೊಂಡು ಬಂದದ್ದೂ ನಿಜ. ಅದರ ಗಡಿಯಾರವೂ ಸರಿಯಾಗಿತ್ತು. ಕಳ್ಳಿ ಎಂಬ ಮಾತನ್ನು ಕ್ಯಾಮೆರಾ ಆಡಿರಲಿಲ್ಲ. ಅದು ನನ್ನ ಸೇರ್ಪಡೆ. ಮುಂದಿನ ಬೆಂಚಿನ ವಕೀಲರ ಮಗಳು ಅದೇ ರೀತಿ ಕೈ ಮುಚ್ಚಿಕೊಂಡು ಬಂದಿದ್ದರೆ, ಏನೋ ತೊಂದರೆಯಾಗಿರಬೇಕು ಪಾಪ ಎಂದು ನನಗೆ ತಕ್ಷಣ ಹೊಳೆಯುತ್ತಿರಲಿಲ್ಲವೇ? ಈ ಪ್ರಶ್ನೆಯನ್ನು ನಾನು ನನಗೇ ಎಷ್ಟೋ ರಾತ್ರಿ ಕೇಳಿಕೊಂಡಿದ್ದೇನೆ. ಉತ್ತರ ಗೊತ್ತು.

ಆಮೇಲೆ ಈ ವಿಷಯದಲ್ಲಿ ಕಾನೂನು ಏನು ಹೇಳುತ್ತದೆಂದು ಕೈಗೆ ಸಿಕ್ಕಿದ್ದನ್ನೆಲ್ಲ ಓದಿದೆ. 1872ರ ಸಾಕ್ಷ್ಯ ಕಾಯ್ದೆಯ ಜಾಗದಲ್ಲಿ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಅದರ 63ನೇ ಕಲಮಿನಂತೆ ಕ್ಯಾಮೆರಾದ ದೃಶ್ಯವಾಗಲಿ, ಮೊಬೈಲಿನ ಸಂದೇಶವಾಗಲಿ, ಅದರ ಪ್ರತಿಯನ್ನು ಕೋರ್ಟಿಗೆ ಕೊಡುವಾಗ ಜೊತೆಗೊಂದು ಪ್ರಮಾಣಪತ್ರ ಇರಬೇಕು. ಯಂತ್ರ ಯಾರ ಸುಪರ್ದಿನಲ್ಲಿತ್ತೋ ಅವರ ಸಹಿ, ತಜ್ಞರೊಬ್ಬರ ಸಹಿ. 2014ರಲ್ಲೂ 2020ರಲ್ಲೂ ಸುಪ್ರೀಂ ಕೋರ್ಟು ಹಳೆಯ ಕಾಯ್ದೆಯ ಅಡಿಯಲ್ಲೇ ಇಂಥ ಪ್ರಮಾಣಪತ್ರ ಬೇಕೇ ಬೇಕೆಂದಿತ್ತು. ಹೊಸ ಕಾಯ್ದೆ ಇನ್ನೊಂದನ್ನು ಸೇರಿಸಿದೆ. ಅದಕ್ಕೆ ಹ್ಯಾಷ್ ಎನ್ನುತ್ತಾರೆ. ಇಡೀ ದೃಶ್ಯವನ್ನು ಲೆಕ್ಕಹಾಕಿ ತೆಗೆದ ಅಂಕಿ ಅಕ್ಷರಗಳ ಒಂದು ಸಾಲು. ದೃಶ್ಯದಲ್ಲಿ ಒಂದು ಚುಕ್ಕೆ ಬದಲಾದರೂ ಆ ಸಾಲು ಪೂರ್ತಿ ಬೇರೆಯಾಗುತ್ತದೆ.

ನಾನು ಅದನ್ನು ಅರ್ಥಮಾಡಿಕೊಂಡದ್ದು ನಮ್ಮಮ್ಮನ ಉಪ್ಪಿನಕಾಯಿ ಭರಣಿಯಿಂದ. ಕೆ.ಆರ್. ನಗರದ ನನ್ನ ತವರಿನಿಂದ ಮಿಡಿ ಉಪ್ಪಿನಕಾಯಿಯನ್ನು ಬಸ್ಸಿನಲ್ಲಿ ಯಾರಾದರೂ ಗುರುತಿನವರ ಕೈಲಿ ಕಳಿಸುತ್ತಿದ್ದರು. ಭರಣಿಯ ಬಾಯಿಗೆ ಬಟ್ಟೆ ಬಿಗಿದು, ಅವರಿಗೇ ಬರುವ ಒಂದು ಗಂಟು ಹಾಕುತ್ತಿದ್ದರು. ಗಂಟು ಹಾಗೇ ಇದ್ದರೆ ದಾರಿಯಲ್ಲಿ ಯಾರೂ ಕೈಹಾಕಿಲ್ಲವೆಂದು ಅರ್ಥ. ಹ್ಯಾಷ್ ಹೇಳುವುದೂ ಅಷ್ಟೇ. ಉಪ್ಪು ಹೆಚ್ಚೋ ಕಡಿಮೆಯೋ ಗಂಟಿಗೆ ಗೊತ್ತಿಲ್ಲ. ಟೀವಿಯಲ್ಲಿ ಆ ಹಿರಿಯರು ಹೇಳಹೊರಟಿದ್ದು ಇದನ್ನೇ ಇರಬೇಕು. ಸೋಪು ಅಡ್ಡ ಬಂತು.

ಗಂಟು ಸರಿಯಿದ್ದೇ ಭರಣಿ ಅದಲುಬದಲಾಗುವುದೂ ಉಂಟು. 2007ರಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಿಯೊಬ್ಬನನ್ನು ಪುಣೆಯ ಪೊಲೀಸರು ಹಿಡಿದುಕೊಂಡು ಹೋದರು. ಶಿವಾಜಿ ಮಹಾರಾಜರನ್ನು ಅವಮಾನಿಸುವ ಚಿತ್ರ ಆರ್ಕುಟ್‌ನಲ್ಲಿ ಹಾಕಿದ್ದಾನೆಂದು ಆರೋಪ. ಆಧಾರವೆಂದರೆ ಕಂಪ್ಯೂಟರಿನ ವಿಳಾಸದ ಒಂದು ಸಂಖ್ಯೆ. ಆ ಸಂಖ್ಯೆಯನ್ನು ತಪ್ಪು ಗ್ರಾಹಕನ ಹೆಸರಿಗೆ ಜೋಡಿಸಿ ಕೊಡಲಾಗಿತ್ತು. ಅದು ಗೊತ್ತಾಗುವ ಹೊತ್ತಿಗೆ ಅವನು ಐವತ್ತು ದಿನ ಜೈಲಿನಲ್ಲಿ ಕಳೆದಿದ್ದ. ನಾನಲ್ಲ, ನಾನಲ್ಲ ಎಂದು ಎಷ್ಟು ಸಲ ಹೇಳಿರಬಹುದು!

ನಾವು ಹೆಂಗಸರು ಪರದೆಯನ್ನು ನಂಬುವುದರಲ್ಲಿ ಗಂಡಸರಿಗಿಂತ ಹಿಂದೇನೂ ಇಲ್ಲ. ನನ್ನ ಜೊತೆ ಕೆಲಸ ಮಾಡಿ ನಿವೃತ್ತರಾದ ಒಬ್ಬ ಅಕ್ಕ ಈ ಡಿಜಿಟಲ್ ಅರೆಸ್ಟ್ ಎಂಬ ಮೋಸಕ್ಕೆ ಸಿಕ್ಕಿ ಎರಡು ದಿನ ಮೊಬೈಲಿನ ಮುಂದೆ ಅಲುಗಾಡದೆ ಕೂತಿದ್ದರು. ಪರದೆಯ ಆಚೆ ಖಾಕಿ ಹಾಕಿದವನು, ಹಿಂದೆ ಗೋಡೆಯ ಮೇಲೆ ಲಾಂಛನ. "ಕಣ್ಣಾರೆ ನೋಡಿದೆ ಕಣೇ, ಸ್ಟೇಷನ್ನೇ ಕಾಣ್ತಿತ್ತು" ಎನ್ನುತ್ತಾರೆ ಈಗಲೂ. 2024ರ ಅಕ್ಟೋಬರ್ 27ರಂದು ಪ್ರಧಾನಿಯವರು ಮನ್ ಕೀ ಬಾತ್‌ನಲ್ಲಿ ವಿಜಯಪುರದವರೊಬ್ಬರಿಗೆ ಬಂದ ಇಂಥದ್ದೇ ಕರೆಯನ್ನು ಕೇಳಿಸಿ, ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ ಎಂದು ಹೇಳಿದರು. ದುಡ್ಡು ಹೋದರೆ ತಡಮಾಡದೆ 1930ಕ್ಕೆ ಫೋನು ಮಾಡಬೇಕು. ಈ ಸಂಖ್ಯೆಯನ್ನು ದಯವಿಟ್ಟು ನಿಮ್ಮ ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ನಮ್ಮ ಅಕ್ಕ ಮೂರನೇ ದಿನ ಮಗನಿಗೆ ಹೇಳಿದ್ದು. ಅಷ್ಟು ಹೊತ್ತಿಗೆ ಆಗಬೇಕಾದ್ದು ಆಗಿಹೋಗಿತ್ತು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆಯನ್ನು ಕನ್ನಡ ಮೇಷ್ಟ್ರು ರಜೆ ಹಾಕಿದ ದಿನಗಳಲ್ಲಿ ನಾನೇ ಮಕ್ಕಳಿಗೆ ವಿಸ್ತರಿಸಿ ಬರೆಸಿದ್ದೇನೆ, ಹತ್ತು ಸಾಲಿಗೆ ಕಡಿಮೆಯಿಲ್ಲದಂತೆ.

ನಮ್ಮ ಸೀಮೆಗೆ ಕ್ಯಾಮೆರಾ ಊರಿಗಿಂತ ಮೊದಲು ಕಾಡಿಗೆ ಬಂತು. ಶಿವರಾಮ ಕಾರಂತರ ಮಗ ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ 1990ರ ದಶಕದ ಆರಂಭದಲ್ಲೇ ಹುಲಿಗಳನ್ನು ಎಣಿಸಲು ಮರಗಳಿಗೆ ಕ್ಯಾಮೆರಾ ಕಟ್ಟಿಸಿದರು. ಹುಲಿ ಹಾದುಹೋದಾಗ ತಾನಾಗಿ ಫೋಟೋ ತೆಗೆಯುವಂಥವು. ನಮ್ಮ ಬೆರಳಚ್ಚಿನ ಹಾಗೆ ಒಂದು ಹುಲಿಯ ಪಟ್ಟೆ ಇನ್ನೊಂದಕ್ಕಿಲ್ಲ. ಅದರಿಂದ ಗುರುತು. ಇದನ್ನು ಮಕ್ಕಳಿಗೆ ಹೇಳಲು ಓದುವಾಗ ಒಂದು ವಿವರ ಕಣ್ಣಿಗೆ ಬಿತ್ತು. ಹುಲಿಯ ಎಡಮಗ್ಗುಲಿನ ಪಟ್ಟೆಯೇ ಬೇರೆ, ಬಲಮಗ್ಗುಲಿನದೇ ಬೇರೆಯಂತೆ. ಆದ್ದರಿಂದ ದಾರಿಯ ಎರಡೂ ಕಡೆ ಎದುರುಬದುರಾಗಿ ಒಂದೊಂದು ಕ್ಯಾಮೆರಾ ಇಡುತ್ತಾರೆ. ಒಂದೇ ಮಗ್ಗುಲಿನ ಫೋಟೋ ಇಟ್ಟುಕೊಂಡರೆ ಒಂದು ಹುಲಿಯನ್ನು ಎರಡೆಂದು ಎಣಿಸಿಬಿಡುವ ಅಪಾಯ. ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಹುಲಿಗೆ ಎರಡು ಕ್ಯಾಮೆರಾ. ನಮ್ಮ ಹುಡುಗಿಗೆ ಒಂದೇ.

ಕಾಡಿನ ಕ್ಯಾಮೆರಾಕ್ಕೆ ಇನ್ನೊಂದು ಮುಖವೂ ಇದೆ. ಉತ್ತರದ ಕಾರ್ಬೆಟ್ ಹುಲಿಧಾಮದ ಅಂಚಿನ ಹಳ್ಳಿಗಳ ಬಗ್ಗೆ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು 2024ರಲ್ಲಿ ಬರೆದದ್ದು ಪತ್ರಿಕೆಗಳಲ್ಲಿ ಬಂದಿತ್ತು. ಪ್ರಾಣಿಗಳಿಗೆಂದು ಕಟ್ಟಿದ ಕ್ಯಾಮೆರಾದಲ್ಲಿ, ಬಹಿರ್ದೆಸೆಗೆ ಹೋದ ಬಡ ಹೆಂಗಸೊಬ್ಬಳ ಚಿತ್ರ ಬಿದ್ದು ಅದು ಊರವರ ಮೊಬೈಲುಗಳಲ್ಲಿ ಹರಿದಾಡಿತಂತೆ. ಸೌದೆಗೆ ಹೋಗುವ ಹೆಂಗಸರು ಕ್ಯಾಮೆರಾ ಇರುವ ಕಡೆ ಮೊದಲಿನಂತೆ ಜೋರಾಗಿ ಮಾತಾಡುವುದಿಲ್ಲ, ಹಾಡುವುದಿಲ್ಲ. ಹಾಡಿದರೆ ಆನೆ, ಹುಲಿ ದೂರ ಹೋಗುತ್ತಿದ್ದವು. ನೋಡುತ್ತಿದ್ದಾರೆಂಬ ನಾಚಿಕೆಗೆ ಬಾಯಿ ಮುಚ್ಚಿಕೊಂಡರೆ ಜೀವಕ್ಕೇ ಅಪಾಯ. ಇದನ್ನು ಓದಿದಾಗ ನಮ್ಮ ಹುಡುಗಿ ಗೋಡೆ ಪಕ್ಕದಲ್ಲಿ ಬೇಗಬೇಗ ನಡೆದದ್ದು ಕಣ್ಣಮುಂದೆ ಬಂತು.

ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಎಂಬತ್ತು ದಾಟಿದ ಮೇಲೆ, 2012ರಲ್ಲಿ, ಆಧಾರ್ ವಿಷಯವಾಗಿ ಸುಪ್ರೀಂ ಕೋರ್ಟಿಗೆ ಹೋದರು. ಅದರ ಫಲವಾಗಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನವೂ ಮೂಲಭೂತ ಹಕ್ಕೇ ಎಂದು ತೀರ್ಪು ಕೊಟ್ಟರು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಈ ತೀರ್ಪನ್ನು ನಾನು ಮೂಲಭೂತ ಹಕ್ಕುಗಳ ಪಾಠದಲ್ಲಿ ಟಿಪ್ಪಣಿಯಾಗಿ ಬರೆಸಿದ್ದೆ. ಆ ಹುಡುಗಿಯ ನೋಟ್‌ಬುಕ್ಕಿನಲ್ಲೂ ಇತ್ತು, ಕೆಂಪು ಶಾಯಿಯಲ್ಲಿ ನಾನು ಹಾಕಿದ ಸರಿ ಗುರುತಿನೊಂದಿಗೆ. ದುಪಟ್ಟಾದ ಕೆಳಗೆ ಅವಳು ಒತ್ತಿ ಹಿಡಿದುಕೊಂಡಿದ್ದು ಅದೇ ಹಕ್ಕನ್ನು ಎಂದು ಸಮಾಜ ವಿಜ್ಞಾನದ ಮೇಡಂಗೆ ತಿಳಿಯಲಿಲ್ಲ.

ದುಡ್ಡು ಸಿಕ್ಕಿದ ಮುಂದಿನ ಭಾನುವಾರ ಅವಳ ಹಾಡಿಗೆ ಹೋದೆ. ಎಚ್.ಡಿ. ಕೋಟೆಗೆ ಬಸ್ಸು, ಅಲ್ಲಿಂದ ಇನ್ನೊಂದು ಬಸ್ಸು, ಆಮೇಲೆ ಆಟೋ, ಕೊನೆಗೆ ನಡಿಗೆ. ಕೈಯಲ್ಲಿ ಒಂದು ಡಜನ್ ಬಾಳೆಹಣ್ಣು. ಎಂಥ ತಪ್ಪಿಗೂ ನಾವು ಬಾಳೆಹಣ್ಣು ಹಿಡಿದುಕೊಂಡೇ ಹೋಗುತ್ತೇವೆ. ಅಪ್ಪ ಅಮ್ಮನೊಂದಿಗೆ ಹುಡುಗಿ ಕೊಡಗಿನ ಕಾಫಿ ತೋಟದ ಕೆಲಸಕ್ಕೆ ಹೋಗಿದ್ದಳು. ಅಜ್ಜಿ ಒಬ್ಬಳೇ ಇದ್ದಳು. ಚಾಪೆ ಹಾಸಿ, "ಕೂತ್ಕಳಿ ಮೇಡಂ" ಎಂದು ಹಾಲಿಲ್ಲದ ಟೀ ಕೊಟ್ಟಳು.

ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡಿದ್ದ ಮಾತನ್ನು ಹೇಳಿದೆ. ನಿಮ್ಮ ಮೊಮ್ಮಗಳು ದುಡ್ಡು ತೆಗೆದಿರಲಿಲ್ಲ, ನಮ್ಮದೇ ತಪ್ಪು, ಕ್ಷಮಿಸಿ ಎಂದೆ. ಅಜ್ಜಿಯ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. "ಯಾವ ದುಡ್ಡು ಕನವ್ವ?" ಎಂದಳು.

ಹುಡುಗಿ ಮನೆಯಲ್ಲಿ ಏನೂ ಹೇಳಿರಲಿಲ್ಲ. ಇಸ್ಕೂಲು ಬ್ಯಾಡ ಅಂದಳಂತೆ, ಅಷ್ಟೆ. ಮೊಮ್ಮಗಳನ್ನು ಶಾಲೆಯಲ್ಲಿ ಕಳ್ಳಿ ಎಂದರೆಂಬ ಸುದ್ದಿಯನ್ನು ಅಷ್ಟು ದೂರ ಹೊತ್ತುಕೊಂಡು ಹೋಗಿ ಆ ಮನೆಗೆ ಮುಟ್ಟಿಸಿದವಳು ನಾನು. ಕ್ಷಮೆ ಕೇಳುವುದರಲ್ಲೂ ಎಷ್ಟು ಸ್ವಾರ್ಥವಿರುತ್ತದೆ! ನನ್ನ ಎದೆಯ ಭಾರವನ್ನು ಆ ಮುದುಕಿಯ ತಲೆಗೆ ಹೊರಿಸಿ ಬಂದಂತಾಯಿತು. ಅಜ್ಜಿ ಬಯ್ಯಲಿಲ್ಲ. ಟೀ ಆರಿಹೋಗ್ತದೆ ಕುಡಿಯಿರಿ ಎಂದಳು.

ವಾಪಸು ಬಂದು, ಆ ದಿನದ ದೃಶ್ಯವನ್ನು ಇನ್ನೊಂದು ಸಲ ನೋಡಬೇಕೆಂದು ಗುಮಾಸ್ತರನ್ನು ಕೇಳಿದೆ. ಯಾಕೆಂದು ನನಗೂ ಸರಿಯಾಗಿ ಗೊತ್ತಿರಲಿಲ್ಲ. ಅವರು ನಕ್ಕರು. ಪೆಟ್ಟಿಗೆಯಲ್ಲಿ ಹದಿನೈದು ದಿನದ್ದು ಮಾತ್ರ ಉಳಿಯುತ್ತದೆಯಂತೆ, ಆಮೇಲೆ ಹಳೆಯದರ ಮೇಲೇ ಹೊಸದು ಬರೆದುಕೊಳ್ಳುತ್ತದೆ. ದುಡ್ಡು ಸಿಗುವ ಮೊದಲೇ ಆ ದೃಶ್ಯ ಅಳಿಸಿಹೋಗಿತ್ತು. ನಾನು ಯಾವುದನ್ನು ನೋಡಿ ತೀರ್ಪು ಕೊಟ್ಟೆನೋ ಅದು ಈಗ ಎಲ್ಲೂ ಇಲ್ಲ. ತೀರ್ಪು ಮಾತ್ರ ಉಳಿದಿದೆ.

ಇದೆಲ್ಲ ಮತ್ತೆ ಕೆದಕಿದ್ದು 2025ರ ಏಪ್ರಿಲ್‌ನಲ್ಲಿ, ಬೆಟ್ಟದಪುರದ ಸುದ್ದಿ ಬಂದಾಗ. ಪಿರಿಯಾಪಟ್ಟಣ ತಾಲೂಕಿನ ಬೆಟ್ಟದಪುರ ನಮಗೆಲ್ಲ ಗೊತ್ತಿರುವ ಊರು. ಸಿಡಿಲು ಮಲ್ಲಿಕಾರ್ಜುನನ ಬೆಟ್ಟಕ್ಕೆ ಮಕ್ಕಳನ್ನು ಕರೆದುಕೊಂಡು ಎಷ್ಟು ಸಲ ಹತ್ತಿದ್ದೇನೋ. ಕುಶಾಲನಗರದ ಹತ್ತಿರದ ಗಿರಿಜನರವನೊಬ್ಬ, ತನ್ನ ಹೆಂಡತಿ ಕಾಣೆಯಾಗಿದ್ದಾಳೆಂದು ತಾನೇ ಪೊಲೀಸರಿಗೆ ದೂರು ಕೊಟ್ಟಿದ್ದ. ಅವಳು ಕಾಣೆಯಾದದ್ದು 2020ರಲ್ಲಿ. ಬೆಟ್ಟದಪುರದ ಸರಹದ್ದಿನಲ್ಲಿ ಹೆಂಗಸಿನ ಅಸ್ಥಿಪಂಜರವೊಂದು ಸಿಕ್ಕಿತು. ಇದು ಅವಳದೇ, ಕೊಂದವನು ಗಂಡನೇ ಎಂದು ಅವನನ್ನು ಹಿಡಿದರು. ಎರಡು ವರ್ಷದ ಹತ್ತಿರ ಜೈಲಿನಲ್ಲಿದ್ದ. ಹೆಂಡತಿಯ ತಾಯಿಯ ರಕ್ತದೊಂದಿಗೆ ಆ ಮೂಳೆಯನ್ನು ಹೋಲಿಸಿದ ಡಿಎನ್ಎ ವರದಿ ಹೊಂದಾಣಿಕೆಯಿಲ್ಲ ಎಂದಿತು. ಆದರೂ ಮೊಕದ್ದಮೆ ನಿಲ್ಲಲಿಲ್ಲ. 2025ರ ಏಪ್ರಿಲ್ 1ರಂದು ಆ ಹೆಂಡತಿ ಮಡಿಕೇರಿಯ ಹೋಟೆಲೊಂದರಲ್ಲಿ ಇವನ ಸ್ನೇಹಿತರ ಕಣ್ಣಿಗೆ ಬಿದ್ದಳು, ಗಟ್ಟಿಮುಟ್ಟಾಗಿ. ಮೈಸೂರಿನ ನ್ಯಾಯಾಲಯ ಅವನನ್ನು ಖುಲಾಸೆ ಮಾಡಿ, ಒಂದು ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದಿತು.

ಪೊಲೀಸರನ್ನು ಊರೆಲ್ಲ ಬಯ್ಯಿತು, ಬಯ್ಯಬೇಕಾದ್ದೇ. ನಮ್ಮ ಸ್ಟಾಫ್ ರೂಮಿನಲ್ಲೂ ಬಯ್ದರು. ನನಗೆ ಬಾಯಿ ಬರಲಿಲ್ಲ. ಅಲ್ಲಿ ಯಂತ್ರ ಬೇಡ ಬೇಡ, ಇವನಲ್ಲ ಎಂದು ಹೇಳಿದರೂ ಕೇಳಲಿಲ್ಲ. ಇಲ್ಲಿ ಯಂತ್ರ ಹೇಳದ್ದನ್ನೂ ನಾನು ಕೇಳಿಸಿಕೊಂಡೆ. ನಾವು ಮೊದಲೇ ಒಪ್ಪಿಕೊಂಡಿರುವುದನ್ನು ಯಂತ್ರ ಹೇಳಿದರೆ ಅದು ವಿಜ್ಞಾನ, ಬೇರೇನಾದರೂ ಹೇಳಿದರೆ ಅದೊಂದು ಕಾಗದ. ಅಲ್ಲೂ ಹಾಡಿಯವನು, ಇಲ್ಲೂ ಹಾಡಿಯವಳು. ಇದನ್ನು ಆಕಸ್ಮಿಕ ಎನ್ನಲು ನನಗೆ ಧೈರ್ಯವಿಲ್ಲ.

ನಾನು ಅಜ್ಜಿಗೆ ಹೇಳಿದ್ದೆ, ಹೆಡ್ ಮಾಸ್ಟರಿಗೆ ಹೇಳಿದ್ದೆ. ಆದರೆ ಕಳ್ಳತನದ ಸುದ್ದಿ ಹಬ್ಬಿದ್ದು ಇಡೀ ಶಾಲೆಯಲ್ಲಿ. ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರೆದುರಿಗೆ ನಿಂತು, ಅವಳದಲ್ಲ ನನ್ನ ತಪ್ಪು ಎಂದು ಹೇಳಬೇಕಿತ್ತು. ಇವತ್ತು, ನಾಳೆ ಎನ್ನುತ್ತ ವರ್ಷ ಕಳೆಯಿತು. ಟೀಚರು ಮಕ್ಕಳೆದುರು ಸಣ್ಣವಳಾಗಬಾರದೆಂದು ಹೆಡ್ ಮಾಸ್ಟರು ಹೇಳಿದ್ದು ನನಗೂ ಅನುಕೂಲವಾಗಿಯೇ ಇತ್ತು. ಆ ತಂಡದ ಮಕ್ಕಳು 2020ರಲ್ಲಿ, ಕೊರೋನಾ ನಡುವೆ, ಮುಖಕ್ಕೆ ಮಾಸ್ಕು ಕಟ್ಟಿಕೊಂಡು ಎಸ್ಸೆಸ್ಸೆಲ್ಸಿ ಬರೆದು ಹೊರಟುಹೋದರು.

ಅವರದೊಂದು ವಾಟ್ಸ್ಆ್ಯಪ್ ಗುಂಪಿದೆ, ನನ್ನನ್ನೂ ಸೇರಿಸಿಕೊಂಡಿದ್ದಾರೆ. ಹಬ್ಬದ ಶುಭಾಶಯ, ಮದುವೆಯ ಕರೆಯೋಲೆ, ಅಷ್ಟೇ ಅದರಲ್ಲಿ ಬರುವುದು. ಬೆಟ್ಟದಪುರದ ತೀರ್ಪು ಬಂದ ವಾರ, ಒಂದು ರಾತ್ರಿ ಎಲ್ಲರೂ ಮಲಗಿದ ಮೇಲೆ, ನಡೆದದ್ದನ್ನು ನಡೆದ ಹಾಗೆ ಅದರಲ್ಲಿ ಬರೆದೆ. ಪ್ಯಾಡಿನ ವಿಷಯ ಬರೆಯಲಿಲ್ಲ, ಅದನ್ನು ಹೇಳುವ ಹಕ್ಕು ಅವಳದು. ಇಲ್ಲಿ ಬರೆಯುತ್ತಿದ್ದೇನೆ, ಇಲ್ಲಿ ಅವಳ ಹೆಸರಿಲ್ಲ. ದುಡ್ಡು ನನ್ನ ಕಟ್ಟಿನಲ್ಲೇ ಇತ್ತು, ಅವಳು ತೆಗೆದಿರಲಿಲ್ಲ, ಏಳು ವರ್ಷ ತಡವಾಗಿ ಹೇಳುತ್ತಿದ್ದೇನೆ ಎಂದು ಕಳಿಸಿದೆ.

ಬೆಳಿಗ್ಗೆ ನೋಡಿದರೆ ಕೈಮುಗಿದ ಚಿತ್ರಗಳು ಹತ್ತು ಹನ್ನೆರಡು. ಗುಂಪಿನಲ್ಲಿ ಬರೆಯದೆ ಒಬ್ಬಳು ನನಗೆ ಬೇರೆಯಾಗಿ ಫೋನು ಮಾಡಿದಳು. ಈಗ ಮೈಸೂರಿನಲ್ಲಿ ನರ್ಸಿಂಗ್ ಓದುತ್ತಿದ್ದಾಳೆ, ಆಗ ಅದೇ ಹಾಸ್ಟೆಲಿನಲ್ಲಿದ್ದವಳು.

"ಮಿಸ್, ನಮಗೆ ಗೊತ್ತಿತ್ತು. ಅವತ್ತು ರಾತ್ರೀನೇ ಅವಳು ನಮಗೆಲ್ಲ ಹೇಳಿದ್ಲು."

"ಮತ್ತೆ ನನಗ್ಯಾಕೆ ಯಾರೂ ಹೇಳಲಿಲ್ಲಮ್ಮ?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನೀವು ಕ್ಯಾಮೆರಾದಲ್ಲಿ ನೋಡಿದೀನಿ ಅಂದ್ರಲ್ಲ ಮಿಸ್. ಇನ್ನು ನಾವು ಹೇಳಿದ್ರೆ ನಂಬ್ತಿದ್ರಾ?"

ನಂಬುತ್ತಿದ್ದೆ ಎಂದು ಹೇಳಲು ಬಾಯಿ ತೆರೆದೆ. ಹೇಳಲಿಲ್ಲ.

ಅವಳಿಂದಲೇ ಒಂದು ಮೊಬೈಲ್ ನಂಬರು ಸಿಕ್ಕಿತು. ನಮ್ಮ ಹುಡುಗಿ ಈಗ ಗೋಣಿಕೊಪ್ಪಲಿನ ಕಡೆ ಒಂದು ತೋಟದ ಲೈನ್‌ಮನೆಯಲ್ಲಿದ್ದಾಳಂತೆ. ಮದುವೆಯಾಗಿದೆ, ಒಂದು ಗಂಡು ಮಗು. ಆ ನಂಬರಿಗೆ ಈವರೆಗೆ ನಾಲ್ಕು ಸಲ ಮಾಡಿದ್ದೇನೆ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎನ್ನುತ್ತದೆ ಯಂತ್ರದ ಹೆಣ್ಣುದನಿ. ತೋಟದೊಳಗೆ ಸಿಗ್ನಲ್ಲು ಸಿಗುವುದಿಲ್ಲವೋ, ನಂಬರು ಬದಲಾಗಿದೆಯೋ. ಅಜ್ಜಿಯ ಮನೆಯಲ್ಲಿ ಆದದ್ದನ್ನು ನೆನೆದರೆ, ನಾನು ಹೋಗುವುದು ಅವಳಿಗೆ ಬೇಕೋ ಬೇಡವೋ ಎಂಬ ಅಳುಕೂ ಇದೆ. ಹೊಸ ಮನೆಯವರಿಗೆ ಹಳೆಯ ಸುದ್ದಿ ಯಾಕೆ? ಅದಕ್ಕೇ ಮೊದಲು ಅವಳನ್ನೇ ಕೇಳಬೇಕು, ಬರಲೇ ಎಂದು. ಈ ಭಾನುವಾರ ಐದನೇ ಸಲ ಮಾಡಿ ನೋಡುತ್ತೇನೆ. ಬೆಳಗಿನ ಹೊತ್ತು ಕೆಲಸಕ್ಕೆ ಹೋಗುವ ಮೊದಲಾದರೆ ಸಿಗಬಹುದು ಎಂದು ಆ ನರ್ಸಿಂಗ್ ಹುಡುಗಿ ಹೇಳಿದ್ದಾಳೆ.